ಎಮ್ಮೆಗೆ ಹೇಳಿದ ಮಾತು

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಮಿಕ್ಸಿಯ ಜೊತೆ ಮಾತಾಡುತ್ತಿದ್ದಳು. ಕೆಲವರು ತೋಟಕ್ಕೆ ಹೋದರೆ ಮನೆಯನ್ನೇ ಮರೆಯುತ್ತಾರಂತೆ, ಕಾಯಿ ತರುತ್ತೇನೆ ಎಂದು ಹೋದವರು ಕೈ ಬೀಸಿಕೊಂಡು ಬರುತ್ತಾರಂತೆ, ಈಗ ಚಟ್ನಿಗೆ ಏನು ಹಾಕಬೇಕೆಂದು ನೀನೇ ಹೇಳು ಎಂದು ಅದರ ಮುಚ್ಚಳ ಒತ್ತಿ ಹಿಡಿದು ಕೇಳುತ್ತಿದ್ದಳು. ಮಿಕ್ಸಿ ಗರ್ ಎಂದಿತು. ನಾನು ಪೇಪರು ಓದುವವನಂತೆ ಕೂತಿದ್ದೆ. ಆ ಮಾತು ಯಾರಿಗೆ ಹೇಳಿದ್ದೆಂದು ಅವಳಿಗೂ ಗೊತ್ತು, ನನಗೂ ಗೊತ್ತು, ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಮೇಲೆ ಮಿಕ್ಸಿಗೂ ಗೊತ್ತಿರಬೇಕು. ಹಿಂದಿನ ದಿನ ಸಂಜೆ ನಮ್ಮಿಬ್ಬರಿಗೂ ಏನೋ ಮಾತು ಬೆಳೆದು, ಮಾತು ಬಿಟ್ಟಿದ್ದೆವು.

ಮಾತು ಬಿಟ್ಟವರು ಸುಮ್ಮನಿರುತ್ತಾರೆ ಎಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಹಿರಿಯೂರು ಸೀಮೆಯವರ ಪರಿಚಯವಿಲ್ಲ. ನಮ್ಮವರು ಮಾತು ಬಿಟ್ಟ ಮೇಲೆಯೇ ಹೆಚ್ಚು ಮಾತಾಡುತ್ತಾರೆ. ಎದುರಿಗಿರುವವರ ಮುಖ ನೋಡಬಾರದು, ಹೆಸರು ಹಿಡಿಯಬಾರದು, ಅಷ್ಟೇ ನಿಯಮ. ಕಂಬ, ಬೀಸುವ ಕಲ್ಲು, ಬಾಗಿಲಲ್ಲಿ ಮಲಗಿದ ನಾಯಿ, ತೊಟ್ಟಿಲ ಕೂಸು, ಯಾವುದಾದರೂ ನಡೆಯುತ್ತದೆ. ಅದಕ್ಕೆ ಹೇಳಿದರೆ ಕೇಳಬೇಕಾದವರಿಗೆ ಕೇಳುತ್ತದೆ. ಹೆಂಡತಿಯ ಮಿಕ್ಸಿ ಭಾಷಣ ಕೇಳುತ್ತಾ ನನಗೆ ನಮ್ಮ ಗೌರಿ ನೆನಪಾಯಿತು. ಗೌರಿ ನೆನಪಾದರೆ ಸೆಲ್ವರಾಜ ಮತ್ತು ಪದ್ಮಾ ನೆನಪಾಗದೆ ಇರುವುದಿಲ್ಲ. ಒಂದು ಎಮ್ಮೆಗೂ ಸಮುದ್ರದಾಚೆಯ ಇಬ್ಬರಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಜವನಗೊಂಡನಹಳ್ಳಿಯ ಹತ್ತಿರ ನಮ್ಮೂರು. ತೊಂಬತ್ತರ ದಶಕದ ಮೊದಲಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ, ನಮ್ಮ ಮನೆ ಎರಡಾಗಿತ್ತು. ನಮ್ಮಜ್ಜಿಯೂ ಅವಳ ವಾರಗಿತ್ತಿಯಾದ ಚಿಕ್ಕಜ್ಜಿಯೂ ಒಂದೇ ಅಂಗಳದ ಎರಡು ಒಲೆಗಳಲ್ಲಿ ಅಡಿಗೆ ಮಾಡುತ್ತಿದ್ದರು. ಪಾಲಾಗುವ ದಿನ ಹೊಲ ಸಲೀಸಾಗಿ ಎರಡಾಯಿತು, ಪಾತ್ರೆ ಎರಡಾದವು, ಒರಳುಕಲ್ಲು ಮಾತ್ರ ಯಾರಿಗೆ ಸೇರಬೇಕೆಂಬುದು ತೀರ್ಮಾನವಾಗಲಿಲ್ಲ. ಆ ಒರಳಿನ ದೆಸೆಯಿಂದ ಇಬ್ಬರೂ ಮಾತು ಬಿಟ್ಟರು. ಒರಳು ಅಂಗಳದ ನಡುವೆ ಹಾಗೇ ಉಳಿಯಿತು, ಇಬ್ಬರೂ ಅದರಲ್ಲೇ ರುಬ್ಬಿದರು. ಹಾಗೆಯೇ ಪಾಲಾಗದೆ ಉಳಿದ ಇನ್ನೊಂದು ಆಸ್ತಿ ಗೌರಿ. ಬೆಳಗಿನ ಹಾಲು ನಮ್ಮಜ್ಜಿಗೆ, ಸಂಜೆಯ ಹಾಲು ಚಿಕ್ಕಜ್ಜಿಗೆ. ಹೀಗಾಗಿ ಇಬ್ಬರ ಮಾತುಕತೆಗೂ ಕೊಟ್ಟಿಗೆಯೇ ಕಚೇರಿಯಾಯಿತು.

ನಮ್ಮಜ್ಜಿ ಆಂಧ್ರದ ಗಡಿಗೆ ಹತ್ತಿರದ ಧರ್ಮಪುರದ ಕಡೆಯಿಂದ ಬಂದವಳು. ಸಿಟ್ಟು, ಅಕ್ಕರೆ, ದೇವರು, ಈ ಮೂರಕ್ಕೂ ಅವಳಿಗೆ ತೆಲುಗೇ ಬೇಕು. ಚಿಕ್ಕಜ್ಜಿ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನವಳು, ರೈಲಿನ ಸದ್ದಿನಲ್ಲಿ ಬೆಳೆದವಳಾದ್ದರಿಂದ ಗಂಟಲು ಜೋರು. ಒಂದು ಸಲ ನನ್ನ ತಂಗಿಗೆ ಜ್ವರ ಬಂದಾಗ ಚಿಕ್ಕಜ್ಜಿ ಕೊಟ್ಟಿಗೆಗೆ ಬಂದು, ಗೌರಿಯ ಕುತ್ತಿಗೆ ಸವರುತ್ತಾ, "ಗೌರವ್ವಾ, ಮೊಮ್ಮಗಳು ಹಂಗೆ ಸುಡ್ತಾ ಐತೆ, ಒಬ್ರಾದ್ರೂ ಒಂದು ಕಷಾಯ ಕಾಸಬಾರ್ದಾ. ನಾನು ಕಾಸಿ ಒಲೆ ಮುಂದೆ ಮಡಗಿದೀನಿ, ಬೇಕಾದವ್ರು ತಗಂಡೋಗ್ಲಿ" ಎಂದಳು. ಅಜ್ಜಿ ಹುಲ್ಲಿನ ಕಂತೆ ಬಿಚ್ಚುತ್ತಾ, "ಚೂಡವೇ, ನೋಡೇ ಗೌರಿ, ಬೆಲ್ಲ ಹಾಕದ ಕಷಾಯ ಮಕ್ಕಳು ಕುಡಿಯಲ್ಲ, ಹಾಕಿದ್ರೋ ಇಲ್ವೋ ಕೇಳು" ಎಂದಳು. ಗೌರಿ ಮೆಲುಕು ಹಾಕುತ್ತಾ ಎರಡೂ ಕಡೆಯ ವಾದ ಕೇಳಿತು. ತಂಗಿ ಬೆಲ್ಲ ಹಾಕಿದ ಕಷಾಯ ಕುಡಿದಳು. ಎಮ್ಮೆಗೆ ತೆಲುಗೂ ಕನ್ನಡವೂ ಬರುತ್ತಿತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ.

ಗೌರಿ ಮೇಯಲು ಹೋದ ಹೊತ್ತಿನಲ್ಲಿ ಆ ಹುದ್ದೆ ನನ್ನ ಪಾಲಿಗೆ ಬೀಳುತ್ತಿತ್ತು. ನಾನು ಗೌರಿಯಷ್ಟು ಪ್ರಾಮಾಣಿಕನಲ್ಲ. ಅಜ್ಜಿ ಈ ಕಡೆಯಿಂದ ಖಾರ ತುಂಬಿ ಕಳಿಸಿದ ಮಾತಿಗೆ ನಾನು ದಾರಿಯಲ್ಲಿ ಒಂದಿಷ್ಟು ಮಜ್ಜಿಗೆ ಬೆರೆಸುತ್ತಿದ್ದೆ. "ಅವಳ ಕೈ ಸೇದೋಗ" ಎಂಬುದು ನಾನು ಅಂಗಳ ದಾಟುವಷ್ಟರಲ್ಲಿ "ನಿನ್ ಕೈ ನೋವು ಹೆಂಗೈತೆ ಅಂತ ಕೇಳಿದ್ಲು" ಎಂದಾಗಿರುತ್ತಿತ್ತು. ಅಂಗಳವೆಂದರೆ ಎಷ್ಟು ದೊಡ್ಡದು. ಅಜ್ಜಿ ಬೈದದ್ದು ಚಿಕ್ಕಜ್ಜಿಗೆ ನೇರವಾಗಿಯೇ ಕೇಳಿಸಿರುತ್ತಿತ್ತು. ಆದರೂ ಅವಳು ನನ್ನ ಮಾತನ್ನೇ ಕೇಳಿದವಳಂತೆ ಕೈ ನೋಡಿಕೊಂಡು, "ವಾಸಿ ಅಂತ ಹೇಳು" ಎನ್ನುತ್ತಿದ್ದಳು.

ಈ ವಿದ್ಯೆ ಮುಂದೆ ನನಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಉಪಯೋಗಕ್ಕೆ ಬರುತ್ತದೆಂದು ಆಗ ಯಾರು ಕಂಡಿದ್ದರು?

ನಾನು ಹಿರಿಯೂರಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಹೊಸತು. ಎರಡು ಸಾವಿರದ ಆಸುಪಾಸು. ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು ಇಟ್ಟಿದ್ದ ಮಂಜಣ್ಣ ಅದರ ಪಕ್ಕಕ್ಕೇ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಇಂಟರ್‌ನೆಟ್ ಸೆಂಟರ್ ಮಾಡಿದ್ದ. ಮಂಜಣ್ಣ ನನಗಿಂತ ಹಿರಿಯ, ಗಲ್ಲದ ತುಂಬ ಎಲೆಅಡಿಕೆ, ಯಾರು ಏನು ಕೇಳಿದರೂ ಬರುವುದಿಲ್ಲ ಎನ್ನದ ಜಾತಿ. ಆ ವರ್ಷಗಳಲ್ಲೇ ನಮ್ಮ ಕಡೆಯ ತೆಂಗಿನ ತೋಟಗಳಿಗೆ ನುಸಿ ರೋಗ ಬಂದಿತ್ತು. ಕಣ್ಣಿಗೆ ಕಾಣದ ಹುಳು, ಎಳೆಗಾಯಿಯ ತೊಟ್ಟಿನಡಿ ಕೂತು ರಸ ಹೀರಿ, ಕಾಯನ್ನು ಬಡಕಲು ಮಾಡಿ ಬಿಡುತ್ತಿತ್ತು. ಹಿರಿಯೂರಿನಿಂದ ಹೊಸದುರ್ಗದವರೆಗೆ ಎಲ್ಲಿ ನಾಲ್ಕು ಜನ ಸೇರಿದರೂ ಇದೇ ಮಾತು. ಅಪ್ಪ ಒಂದು ದಿನ, ಸಯನ್ಸ್ ಮೇಷ್ಟ್ರು ಮನೆಯಲ್ಲಿದ್ದೂ ಬೇವಿನೆಣ್ಣೆ ಬೆಳ್ಳುಳ್ಳಿ ಬಿಟ್ಟು ಬೇರೆ ದಾರಿ ಕಾಣದಲ್ಲ ಎಂದು ಚುಚ್ಚಿದ. ನಾನು ಮಾನ ಉಳಿಸಿಕೊಳ್ಳಲು ಮಂಜಣ್ಣನ ಅಡ್ಡಗೋಡೆಯ ಹಿಂದೆ ಹೋಗಿ ಕೂತೆ.

ಹುಡುಕುತ್ತಾ ಹೋದಾಗ ಒಂದು ತೆಂಗಿನ ಗುಂಪು ಸಿಕ್ಕಿತು. ಗುಂಪೆಂದರೆ ಹೀಗೆ: ಒಬ್ಬರು ಪತ್ರ ಬರೆದರೆ ಅದೇ ಪತ್ರ ಎಲ್ಲರ ಇಮೇಲ್ ಅಂಚೆಗೂ ಹೋಗುತ್ತದೆ. ಫಿಲಿಪೈನ್ಸಿನ ನಿವೃತ್ತ ಹಿರಿಯರೊಬ್ಬರು ಅದನ್ನು ನಡೆಸುತ್ತಿದ್ದರು. ನಾನು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ನುಸಿಯ ಬಗ್ಗೆ ಬರೆದ ಮೊದಲ ಪತ್ರಕ್ಕೆ ಇಬ್ಬರು ಉತ್ತರ ಬರೆದರು. ಒಬ್ಬ ಕೆನಡಾದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಸೆಲ್ವರಾಜ, ಇನ್ನೊಬ್ಬರು ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಪದ್ಮಾ. ಇಬ್ಬರೂ ಶ್ರೀಲಂಕಾದಲ್ಲಿ ಹುಟ್ಟಿದವರು. ಸೆಲ್ವ ಉತ್ತರದ ಜಾಫ್ನಾ ಕಡೆಯ ತಮಿಳ, ಪದ್ಮಾ ದಕ್ಷಿಣದ ಸಿಂಹಳಿ. ಇಬ್ಬರ ಹತ್ತಿರವೂ ಆಗ ಒಂದು ತೆಂಗಿನ ಗಿಡವೂ ಇರಲಿಲ್ಲ. ಸೆಲ್ವನ ಊರಿನಲ್ಲಿ ಅರ್ಧ ವರ್ಷ ಹಿಮ. ತೆಂಗು ಕಾಣದ ಊರಿನಲ್ಲಿ ಕೂತು ತೆಂಗಿನ ಬಗ್ಗೆ ಮಾತಾಡಲು ಅವರಿಗೆ ಜನ ಬೇಕಿತ್ತು.

ಎಷ್ಟು ಚೆನ್ನಾಗಿ ಬರೆಯುತ್ತಿದ್ದರು ಇಬ್ಬರೂ! ಪದ್ಮಾ ತನ್ನ ಅಪ್ಪನ ತೋಟಕ್ಕೆ ನುಸಿ ಬಂದದ್ದು, ಬೇರಿಗೆ ಔಷಧಿಯ ಚೀಲ ಕಟ್ಟುವ ರೀತಿ, ಎಲ್ಲವನ್ನೂ ರೋಗಿಯ ಪಕ್ಕ ಕೂತವರಂತೆ ತಾಳ್ಮೆಯಿಂದ ತಿಳಿಸುತ್ತಿದ್ದರು. ಸೆಲ್ವ ತನ್ನ ಅಕ್ಕನ ಕಥೆ ಹೇಳುತ್ತಿದ್ದ. ಅವನನ್ನು ಸಾಕಿ ಬೆಳೆಸಿದ್ದು ಅಕ್ಕ. ಹಳ್ಳಿಯಲ್ಲಿ ಹೊಲಿಗೆ ಹೇಳಿಕೊಡುತ್ತಾ, ಸೈಕಲ್ ರಿಪೇರಿಯ ಗಂಡ ಮತ್ತು ಎರಡು ಮಕ್ಕಳೊಂದಿಗೆ ಅಲ್ಲೇ ಇದ್ದಳು. ಯುದ್ಧ ಜೋರಾದಾಗ ಹೊಲಿಗೆ ಮಷೀನು ಮಾರಿ ಇವನನ್ನು ದೇಶ ದಾಟಿಸಿದವಳು ಅವಳೇ. ಇವನು ಕೆನಡಾದಲ್ಲಿ ಮಾಡಿದ ಮೊದಲ ಕೆಲಸವೆಂದರೆ ಅವಳಿಗೆ ಹೊಸ ಮಷೀನು ಕೊಡಿಸಿದ್ದು. ಸೆಲ್ವ, ಪದ್ಮಾ ಇಬ್ಬರೂ ತಮ್ಮ ತಮ್ಮ ಮನೆಯ ಕಾಯಿಹಾಲಿನ ಸಾರಿನ ಬಗ್ಗೆ ಜಗಳವಾಡುತ್ತಿದ್ದರು. ಅದು ಸಿಹಿ ಜಗಳ, ನಾವೆಲ್ಲ ಓದಿ ಬಾಯಿ ಚಪ್ಪರಿಸುತ್ತಿದ್ದೆವು.

ಖಾರದ ಜಗಳ ಸೆಲ್ವನ ಒಂದು ಸಾಲಿನಿಂದ ಶುರುವಾಯಿತು. ಯಾರೋ ಅವನನ್ನು, ನಿಮ್ಮೂರಿನ ಮರಗಳಿಗೂ ನುಸಿ ಬಂದಿದೆಯೇ ಎಂದು ಕೇಳಿದ್ದರು. ಅದಕ್ಕವನು, "ನಮ್ಮ ಮರಗಳಿಗೆ ನುಸಿ ಬರುವುದಿಲ್ಲ. ಬರಲು ಮರಕ್ಕೆ ತಲೆ ಇರಬೇಕಲ್ಲ. ಶೆಲ್ ಬಿದ್ದು ತಲೆ ಹೋದ ಮರಗಳು ಕಂಬದ ಹಾಗೆ ನಿಂತಿವೆ ಎಂದು ಅಕ್ಕ ಬರೆದಿದ್ದಾಳೆ" ಎಂದು ಬರೆದ. ಮಂಜಣ್ಣನ ಅಂಗಡಿಯಲ್ಲಿ ಅದನ್ನು ಓದಿದ ದಿನ ನನಗೆ ನಮ್ಮ ತೋಟದ ಕಡೆ ಹೋಗಲು ಮನಸ್ಸಾಗಲಿಲ್ಲ. ಪದ್ಮಾ ನೊಂದು ಬರೆದರು, ಆದರೆ ಆ ಶೆಲ್ ಯಾರದು ಎಂದೂ ಕೇಳಿದರು. ಅವರ ತಮ್ಮ ಸೈನ್ಯದಲ್ಲಿದ್ದ, ಅದೇ ಜಾಫ್ನಾ ಕಡೆಯ ಒಂದು ಶಿಬಿರದಲ್ಲಿ. ಶೆಲ್ ನಿನ್ನ ತಮ್ಮ ಇರುವ ದಿಕ್ಕಿನಿಂದ ಬಂತು ಎಂದು ಸೆಲ್ವ ಬರೆದ. ನನ್ನ ತಮ್ಮ ಇರುವ ದಿಕ್ಕಿಗೂ ಶೆಲ್ ಬೀಳುತ್ತವೆ, ಅವೇನು ಆಕಾಶದಿಂದ ಉದುರುತ್ತವೆಯೇ ಎಂದು ಪದ್ಮಾ ಬರೆದರು.

ಗುಂಪಿನ ಹಿರಿಯರು, ಇಲ್ಲಿ ತೆಂಗಿನ ವಿಷಯ ಮಾತ್ರ ಬರೆಯಬೇಕೆಂದು ವಿನಂತಿಸಿದರು. ಇಬ್ಬರೂ ಮರ್ಯಾದಸ್ಥರು, ಒಪ್ಪಿದರು. ಅಲ್ಲಿಂದಾಚೆ ಪ್ರತಿ ಪತ್ರದ ಮೊದಲ ಸಾಲಿನಲ್ಲಿ ತೆಂಗು ಬರುತ್ತಿತ್ತು, ಉಳಿದುದೆಲ್ಲ ಯುದ್ಧ. "ಗಿಡಕ್ಕೆ ಉಪ್ಪು ಹಾಕುವುದು ಒಳ್ಳೆಯದು" ಎಂದು ಶುರುವಾದ ಪತ್ರ ಸಿಂಹಳವೊಂದೇ ಆಡಳಿತ ಭಾಷೆ ಎಂದ ಎಷ್ಟೋ ದಶಕದ ಹಿಂದಿನ ಕಾನೂನು, ಸುಟ್ಟುಹೋದ ಬೀದಿ, ಸತ್ತವರ ಊರುಗಳನ್ನೆಲ್ಲ ದಾಟಿ ಹೋಗುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ಓದುತ್ತಿದ್ದೆ. ಪೇಪರಿನಲ್ಲಿ ಆ ಯುದ್ಧದ ಸುದ್ದಿ ಎಷ್ಟು ಸಲ ಬಂದಿತ್ತೋ, ಆಟದ ಪುಟಕ್ಕೆ ಹೋಗುವ ದಾರಿಯಲ್ಲಿ ಅದನ್ನು ದಾಟಿ ಹೋದವನು ನಾನು. ಈಗ ಅದಕ್ಕೊಂದು ಹೊಲಿಗೆ ಮಷೀನು, ಒಬ್ಬ ತಮ್ಮ, ತಲೆಯಿಲ್ಲದ ಮರಗಳು ಬಂದು ಸೇರಿದ್ದವು.

ಒಂದು ದಿನ ಸೆಲ್ವನ ಪತ್ರ ಹೀಗೆ ಶುರುವಾಯಿತು: "ಹಿರಿಯೂರಿನ ಮೇಷ್ಟ್ರೇ, ಪದ್ಮಾ ಅವರಿಗೆ ಹೇಳಿ..." ಪದ್ಮಾ ಉತ್ತರ ಬರೆದದ್ದೂ ನನಗೇ: "ಮೇಷ್ಟ್ರೇ, ಸೆಲ್ವರಾಜ್ ಅವರಿಗೆ ತಿಳಿಸಿ..." ನನ್ನನ್ನೇಕೆ ಆರಿಸಿದರೋ ತಿಳಿಯದು. ಯಾರ ಪರವಾಗಿಯೂ ಮಾತಾಡುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ, ಅದೇ ಕಾರಣವಿರಬೇಕು.

ನಾನು ಮಾಡಿದ ಕೆಲಸ ಕೇಳಿ ನೀವು ನಗುತ್ತೀರಿ. ಪತ್ರ ಗುಂಪಿನದು, ಸೆಲ್ವ ಬರೆದ ಅಕ್ಷರ ಅಕ್ಷರವೂ ಪದ್ಮಾಗೆ ಆಗಲೇ ತಲುಪಿರುತ್ತದೆ. ನಾನು ಮಾತ್ರ ನಮ್ಮ ಅಂಗಳದ ಅಭ್ಯಾಸದಂತೆ, "ಪದ್ಮಾ ಅವರೇ, ಸೆಲ್ವ ಹೇಳುವುದೇನೆಂದರೆ" ಎಂದು ಮತ್ತೊಮ್ಮೆ ಟೈಪ್ ಮಾಡಲು ಕೂತೆ, ಜೊತೆಗೆ ಸ್ವಲ್ಪ ಮಜ್ಜಿಗೆಯನ್ನೂ ಬೆರೆಸಿದೆ. "ನಿನ್ನ ಜನ ಕೊಂದರು" ಎಂದು ಅವನು ಬರೆದದ್ದು ನನ್ನ ಕೈಯಲ್ಲಿ, "ಅವನು ಬಹಳ ನೊಂದಿದ್ದಾನೆ, ನೀವೂ ನೊಂದಿರಬಹುದೆಂದು ಅವನಿಗೆ ಗೊತ್ತಿದೆ" ಎಂದಾಯಿತು. ಹಿಂದೆ ನಿಂತು ನೋಡುತ್ತಿದ್ದ ಮಂಜಣ್ಣನಿಗೆ ತಡೆಯಲಾಗಲಿಲ್ಲ.

"ಅಲ್ರೀ ಮೇಷ್ಟ್ರೇ, ಅದೇ ಕಾಗದ ಅವ್ರಿಗೂ ಹೋಗೈತಲ್ಲ. ಮತ್ತೆ ನೀವ್ಯಾಕೆ ಬರೀತೀರಿ? ಅದೂ ಬ್ಯಾರೆ ಥರ?"

"ನಾನು ನಡುವಿನವನು ಮಂಜಣ್ಣ. ನಡುವಿನವನು ಹಿಂಗೇ ಹೇಳೋದು" ಎಂದೆ. ಅವನು ಎಲೆಅಡಿಕೆ ಉಗಿದು ಬರಲು ಹೊರಗೆ ಹೋದ.

ಪದ್ಮಾ ಉತ್ತರ ಬರೆದರು: "ಮೇಷ್ಟ್ರೇ, ಮೊದಲು ಅವರು ಬರೆದದ್ದು ಓದಿದೆ. ಆಮೇಲೆ ಅವರು ಬರೆದಿದ್ದಾರೆಂದು ನೀವು ಹೇಳುವುದನ್ನು ಓದಿದೆ. ನನಗೆ ಎರಡನೆಯದು ಬೇಕು. ದಯವಿಟ್ಟು ಹೀಗೇ ಮುಂದುವರಿಸಿ." ಮಾರನೆಯ ವಾರ ಸೆಲ್ವನೂ ಹೆಚ್ಚುಕಡಿಮೆ ಅದನ್ನೇ ಬರೆದ. ಆಗ ನಾನು ಇಬ್ಬರಿಗೂ ಗೌರಿಯ ಕಥೆ ಹೇಳಿದೆ. ಓದಿ ನಾಚಿಕೊಂಡು ನೇರವಾಗಿ ಮಾತಾಡಿಯಾರು ಎಂಬ ಮೇಷ್ಟ್ರ ಬುದ್ಧಿ. ನಾಚಿಕೆಯ ಮಾತು ಎಲ್ಲಿ, ಮುಂದಿನ ಪತ್ರ "ಪ್ರಿಯ ಗೌರಿ, ಪದ್ಮಾ ಅವರಿಗೆ ಹೇಳಿ" ಎಂದು ಬಂತು. ಹೀಗೆ ವಿಜ್ಞಾನ ಪದವೀಧರನಾದ ನಾನು ಎರಡು ಖಂಡಗಳ ನಡುವಿನ ಎಮ್ಮೆಯಾದೆ.

ಅವರಿಬ್ಬರಲ್ಲಿ ನಾನು ಮೆಚ್ಚಿದ್ದು ಒಂದು ಗುಣ. ಗುಂಪು ಬಿಡಬೇಕೆಂದರೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒಂದು ಒರಳಿಗೆ ಮಾತು ಬಿಡುವ ಊರಿನಿಂದ ಬಂದವನಿಗೆ, ಅಷ್ಟೆಲ್ಲ ಹೆಣ ಬಿದ್ದ ಮೇಲೂ ದಿನಾ ಬಂದು ಕೂತು ಬರೆಯುವವರನ್ನು ಕಂಡರೆ ಹೇಗಾಗಬೇಡ! ಸೆಲ್ವನನ್ನು ಒಮ್ಮೆ ನೇರವಾಗಿ ಕೇಳಿದೆ, ಕೆನಡಾದ ಆ ಊರಿನಲ್ಲಿ ನಿನ್ನ ಕಡೆಯವರೇ ಅಷ್ಟು ಜನ ಇದ್ದಾರಲ್ಲ, ಅವರ ಜೊತೆ ಮಾತಾಡಬಾರದೇ ಎಂದು. "ಅವರ ಜೊತೆ ಯುದ್ಧದ ಬಗ್ಗೆ ಮಾತಾಡಲು ಏನಿದೆ? ಎಲ್ಲರೂ ತಲೆಯಾಡಿಸುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಇವಳ ಜೊತೆ ಆದರೆ ನಿಜವಾಗಿ ಮಾತಾಡಬೇಕಾಗುತ್ತದೆ" ಎಂದು ಬರೆದ. ಈ ಮಾತನ್ನು ನಾನು ಪದ್ಮಾಗೆ ಮಜ್ಜಿಗೆ ಬೆರೆಸದೆ ಹಾಗೇ ದಾಟಿಸಿದೆ.

ಹೀಗಿರುವಾಗ ನಮ್ಮ ಹೆದ್ದಾರಿ ಅಗಲ ಮಾಡುವ ಕೆಲಸ ಊರ ಹತ್ತಿರಕ್ಕೆ ಬಂತು. ಒಂದು ಬೆಳಿಗ್ಗೆ ಮಣ್ಣು ಅಗೆಯುವ ಯಂತ್ರ ಟೆಲಿಫೋನ್ ಕೇಬಲ್ಲನ್ನು ಸೊಪ್ಪಿನ ದಂಟಿನಂತೆ ಕತ್ತರಿಸಿ ಹಾಕಿತು. ಮಂಜಣ್ಣ ಬಾಗಿಲು ಎಳೆದುಕೊಂಡು, ಲೈನು ಬಂದಾಗ ಬರುತ್ತೇನೆಂದು ಚಿಕ್ಕಜಾಜೂರಿನ ಅತ್ತೆಮನೆಗೆ ಹೋಗಿ ಕೂತ. ಅದೇ ವಾರ ಪೇಪರಿನಲ್ಲಿ ಸೆಲ್ವನ ಅಕ್ಕನ ಊರಿನ ಹೆಸರು ಬಂತು. ಅಲ್ಲಿ ಕಾದಾಟವಾಗಿ ಊರಿಗೆ ಊರೇ ಎದ್ದು ಹೋಗಿದೆ ಎಂದು ಒಂದು ಪುಟ್ಟ ಸುದ್ದಿ. ಸ್ಟಾಫ್‌ರೂಮಿನಲ್ಲಿ ನಾನು ಅದನ್ನು ಓದಿ ಹೇಳಿದರೆ ಹಿಂದಿ ಮೇಷ್ಟ್ರು, ನಿಮಗೆ ಅಲ್ಲಿ ನೆಂಟರೇ ಎಂದು ಕೇಳಿದರು. ಹೌದು ಎಂದೆ.

ಮನಸ್ಸು ತಡೆಯದೆ ಚಿತ್ರದುರ್ಗದ ಬಸ್ಸು ಹತ್ತಿದೆ. ಅಲ್ಲಿ ಸೆಂಟರುಗಳು ಬೇಕಾದಷ್ಟಿದ್ದವು, ಲೈನೂ ಇತ್ತು. ಕಂಪ್ಯೂಟರು ನನ್ನ ಪಾಸ್‌ವರ್ಡ್ ಕೇಳಿತು. ನನ್ನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆಗ. ಮೊದಲ ದಿನದಿಂದಲೂ, "ಕುಂತ್ಕಳ್ರಿ ಮೇಷ್ಟ್ರೇ" ಎಂದು ಅದನ್ನು ಒತ್ತಿ ಕೊಡುತ್ತಿದ್ದವನು ಮಂಜಣ್ಣ. ನಾನು ನಮ್ಮೂರು, ಅಪ್ಪ, ಕೊನೆಗೆ ಗೌರಿ, ಎಲ್ಲರ ಹೆಸರನ್ನೂ ಒತ್ತಿ ನೋಡಿ, ಕೋಟೆಯ ಬಂಡೆಗಳನ್ನು ನೋಡುತ್ತಾ ಬಸ್‌ಸ್ಟ್ಯಾಂಡಿಗೆ ನಡೆದೆ. ಅಲ್ಲಿ ಸೆಲ್ವ ಅಕ್ಕನ ಸುದ್ದಿಯಿಲ್ಲದೆ ಕೂತಿದ್ದಾನೆ, ಇಲ್ಲಿ ಪದ್ಮಾಗೆ ಹೇಳಬೇಕಾದವನು ನಾನು. ಎಮ್ಮೆಯೇ ಇಲ್ಲದ ಮೇಲೆ ಅವರು ಯಾರ ಹತ್ತಿರ ಮಾತಾಡುತ್ತಾರೆ ಎಂದು ದಾರಿಯುದ್ದಕ್ಕೂ ಕೊರಗಿದೆ. ಕೊರಗಿನಲ್ಲಿ ನನ್ನ ಹೆಚ್ಚುಗಾರಿಕೆಯೂ ಸ್ವಲ್ಪ ಸೇರಿತ್ತು ಎಂದು ಬೇರೆ ಹೇಳಬೇಕೇ.

ಲೈನು ಬಂತು, ಮಂಜಣ್ಣ ಬಂದ, ಅಂಚೆ ತೆರೆಯಿತು. ಪತ್ರಗಳ ಸಾಲು ಉದ್ದಕ್ಕೆ ಇಳಿಯಿತು. ಮೊದಲಿನವು ನನಗೇ. "ಪ್ರಿಯ ಗೌರಿ, ಅಕ್ಕನ ಸುದ್ದಿ ಇಲ್ಲ. ಪದ್ಮಾಗೆ ಜಾಫ್ನಾ ಆಸ್ಪತ್ರೆಯಲ್ಲಿ ಯಾರಾದರೂ ಗೊತ್ತೇ ಎಂದು ಕೇಳಿ." ಮತ್ತೆ, "ಗೌರಿ, ಎಲ್ಲಿದ್ದೀರಿ?" ಮತ್ತೆ, ಬರೀ "ಗೌರಿ?" ಎಂದು. ಅದನ್ನು ನೋಡಿ ನನ್ನ ಕಣ್ಣು ಮಂಜಾಯಿತು. ಅದರ ಕೆಳಗೆ ಪದ್ಮಾರ ಪತ್ರ ಇತ್ತು. ಅದರಲ್ಲಿ ತೆಂಗು ಇರಲಿಲ್ಲ, ಮೇಷ್ಟ್ರು ಇರಲಿಲ್ಲ, ಗೌರಿ ಇರಲಿಲ್ಲ.

"ಸೆಲ್ವಾ, ಅಕ್ಕನ ಪೂರ್ತಿ ಹೆಸರು ಹೇಳು. ಗುರುತು ಹೇಳು."

ಅಕ್ಕನಿಗೆ ನಾವೂ ಅಕ್ಕ ಎನ್ನುತ್ತೇವೆ, ತಮಿಳರೂ ಅಕ್ಕ ಎನ್ನುತ್ತಾರೆ, ಸಿಂಹಳಿಯರೂ ಅಕ್ಕ ಎಂದೇ ಅನ್ನುತ್ತಾರಂತೆ. ಇಂಗ್ಲಿಷ್ ಪತ್ರದ ನಡುವೆ ಪದ್ಮಾ ಆ ಮಾತನ್ನು ಹಾಗೇ ಬರೆದಿದ್ದರು.

ಪದ್ಮಾ ಕೊಲಂಬೊದಲ್ಲಿ ನರ್ಸಿಂಗ್ ಕಲಿಯುವಾಗ ಜೊತೆಗಿದ್ದ ತಮಿಳು ಹುಡುಗಿಯೊಬ್ಬಳು ಈಗ ಜಾಫ್ನಾದ ಆಸ್ಪತ್ರೆಯಲ್ಲಿದ್ದಳು. ಅಲ್ಲಿಗೆ ಹೊರಗಿನ ಫೋನು ಹೋಗುತ್ತಿರಲಿಲ್ಲ. ಪದ್ಮಾ ಕೊಲಂಬೊದ ಹಳೆಯ ಹಾಸ್ಟೆಲಿನ ಮೇಲ್ವಿಚಾರಕಿಗೆ ಫೋನು ಮಾಡಿ, ಅವರು ಔಷಧಿ ತರಿಸಲು ಆಸ್ಪತ್ರೆಗಳ ನಡುವೆ ಇದ್ದ ಲೈನಿನಲ್ಲಿ ಜಾಫ್ನಾಕ್ಕೆ ಸುದ್ದಿ ಮುಟ್ಟಿಸಿ, ಆ ಗೆಳತಿ ಊರು ಬಿಟ್ಟು ಬಂದವರು ತಂಗಿದ್ದ ಶಾಲೆ, ದೇವಸ್ಥಾನಗಳನ್ನೆಲ್ಲ ಡ್ಯೂಟಿ ಮುಗಿದ ಮೇಲೆ ಸುತ್ತಿದ್ದಳು. ಆ ದಿನಗಳಲ್ಲಿ ಪದ್ಮಾಗೆ ತನ್ನ ತಮ್ಮನ ಸುದ್ದಿಯೂ ಇರಲಿಲ್ಲ. ಕೆಳಗಿನ ಪತ್ರಗಳಲ್ಲಿ ಸೆಲ್ವ ಮತ್ತೆ ಮತ್ತೆ ಅದನ್ನೇ ಕೇಳಿದ್ದ, ತಮ್ಮನ ವಿಷಯ ತಿಳಿಯಿತೇ, ತಮ್ಮ ಎಲ್ಲಿದ್ದಾನಂತೆ. ಶೆಲ್ ಬಂದ ದಿಕ್ಕು ಯಾವುದೆಂದು ಆ ಪತ್ರಗಳಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಅಕ್ಕ ಸಿಕ್ಕಳು. ಒಂದು ಶಾಲೆಯ ಜಗಲಿಯಲ್ಲಿ, ಭುಜಕ್ಕೆ ಬಟ್ಟೆ ಕಟ್ಟಿಕೊಂಡು, ಗಂಡ ಮಕ್ಕಳ ಜೊತೆ ಇದ್ದಳು. ಸೈಕಲ್ಲಿನ ಹಿಂದೆ ಹೊಲಿಗೆ ಮಷೀನನ್ನು ಕಟ್ಟಿಕೊಂಡು ಬಂದಿದ್ದಳಂತೆ. ತಮ್ಮ ಕೊಡಿಸಿದ್ದು, ಬಿಟ್ಟು ಹೇಗೆ ಬರಲಿ ಎಂದಳಂತೆ. ಆಮೇಲೆ ಕೆಲವು ದಿನಕ್ಕೆ ಪದ್ಮಾರ ತಮ್ಮನ ಸುದ್ದಿಯೂ ಬಂತು, ಕಾಲಿಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿದ್ದ, ಬದುಕಿದ್ದ. ಸೆಲ್ವ ಬರೆದಿದ್ದ: "ಪದ್ಮಾ, ಇವತ್ತು ಟ್ಯಾಕ್ಸಿ ನಿಲ್ಲಿಸಿ ಅತ್ತೆ. ನನ್ನ ಅಕ್ಕನಿಗೂ ಅತ್ತೆ, ನಿನ್ನ ತಮ್ಮನಿಗೂ ಅತ್ತೆ."

ನಾನು ಕೊನೆಯವರೆಗೆ ಓದಿದೆ. "ಪದ್ಮಾ ಅವರಿಗೆ ಹೇಳಿ" ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಗೌರಿ ಸತ್ತ ದಿನದ ವಿಷಯ ನಿಮಗೆ ಹೇಳಲಿಲ್ಲ. ವಯಸ್ಸಾಗಿತ್ತು, ನಾನು ಮೇಷ್ಟ್ರಾಗುವ ಮೊದಲೇ ಒಂದು ಬೆಳಿಗ್ಗೆ ಏಳಲಿಲ್ಲ. ತೋಟದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅಜ್ಜಿಯೂ ಚಿಕ್ಕಜ್ಜಿಯೂ ಖಾಲಿ ಕೊಟ್ಟಿಗೆಯಲ್ಲಿ ಬಂದು ನಿಂತರು. ಇಬ್ಬರೂ ಗೂಟ ನೋಡಿದರು, ಗೋದಲಿ ನೋಡಿದರು. ಚಿಕ್ಕಜ್ಜಿ ಗೋದಲಿಯ ಕಡೆಯೇ ತಿರುಗಿ, "ಇನ್ನ ಯಾರ ಹತ್ರ ಮಾತಾಡಾದು" ಎಂದಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಅವಳ ಮುಖವನ್ನೇ ನೋಡಿ, "ನನ್ ಹತ್ರ ಮಾತಾಡು, ನಾನೇನು ಸತ್ತಿದೀನಾ" ಎಂದಳು. ಇಬ್ಬರೂ ಅಲ್ಲೇ ಕೂತು ಅತ್ತರು. ಎಮ್ಮೆಗೆ ಅಂತ ನಾವು ತಿಳಿದುಕೊಂಡೆವು.

ಅದೇ ಕೊಟ್ಟಿಗೆ ಮಂಜಣ್ಣನ ಪ್ಲೈವುಡ್ಡಿನ ಅಡ್ಡಗೋಡೆಯ ಹಿಂದೆ ನನಗೆ ಕಂಡಿತು. ಕೆಲಸ ಕಳೆದುಕೊಂಡ ಬೇಸರ ಒಂದು ಗಳಿಗೆ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಇಷ್ಟು ಸಂತೋಷವಾಯಿತೆಂದರೆ ಮಂಜಣ್ಣನಿಗೆ ಬಲವಂತ ಮಾಡಿ ಮಸಾಲೆ ದೋಸೆ ಕೊಡಿಸಿದೆ. ಪಾಸ್‌ವರ್ಡ್ ಏನೆಂದು ಅವತ್ತು ಕೇಳಿದೆ. ಅವನ ಸ್ಕೂಟರಿನ ನಂಬರಾಗಿತ್ತು.

ಮುಂದೆ ಕದನವಿರಾಮವಾಯಿತು, ಉತ್ತರಕ್ಕೆ ಹೋಗುವ ದೊಡ್ಡ ದಾರಿ ತೆರೆಯಿತು. ರಜೆಯಲ್ಲಿ ಊರಿಗೆ ಬಂದ ಪದ್ಮಾ ಅಪ್ಪನ ತೋಟದಿಂದ ಮೊಳಕೆ ಬಂದ ಒಂದು ತೆಂಗಿನಕಾಯಿಯನ್ನು, ನುಸಿಯಿಲ್ಲದ್ದೇ ನೋಡಿ ಆರಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ, ಸೆಲ್ವನ ಅಕ್ಕ ಮರಳಿ ಹೋಗಿ ನೆಲೆಸಿದ್ದ ಅವಳ ಊರಿಗೆ ಹೋದರು. ದಾರಿಯ ಚೌಕಿಗಳಲ್ಲಿ ಎರಡೂ ಕಡೆಯವರು ಆ ಕಾಯನ್ನು ಕುಲುಕಿ ನೋಡಿದರಂತೆ. ಸೆಲ್ವನಿಗೆ ರಜೆ ಸಿಗದೆ ಅವನು ಹೋಗಿರಲಿಲ್ಲ. ದಾರಿ ತೆರೆದ ಮೇಲೆ ಅವನ ಅಕ್ಕನನ್ನು ಅವನಿಗಿಂತ ಮೊದಲು ಕಂಡವರು ಪದ್ಮಾ.

ಆ ದಾರಿ ಕೆಲವು ವರ್ಷಕ್ಕೆ ಮತ್ತೆ ಮುಚ್ಚಿತು, ಯುದ್ಧ ಮತ್ತೆ ಬಂತು, ಮೊದಲಿಗಿಂತ ಘೋರವಾಗಿ ಬಂತು. ಅದು ಮುಗಿದ ರೀತಿಯ ಬಗ್ಗೆ ಅವರಿಬ್ಬರಿಗೆ ಇವತ್ತಿಗೂ ಒಪ್ಪಂದವಿಲ್ಲ. ಹಾಗೆಂದು ನನ್ನನ್ನು ಕರೆಯಲಿಲ್ಲ. "ಪದ್ಮಾ, ನೀನು ಹೇಳಿದ್ದು ತಪ್ಪು" ಎಂದು ಅವನು, "ಸೆಲ್ವಾ, ಪೂರ್ತಿ ಓದಿ ಆಮೇಲೆ ಬೈ" ಎಂದು ಅವರು, ನೇರವಾಗಿಯೇ ಕಾದಾಡಿದರು. ಅಕ್ಕ ಗಂಡ ಮಕ್ಕಳೊಂದಿಗೆ ಆ ಮುಚ್ಚಿದ ದಾರಿಯ ಆಚೆಯೇ ಇದ್ದಳು, ಇದ್ದು ಉಳಿದಳು. ಆ ಕಾಯಿ ಮರವಾಗಿದೆ.

ಆ ಸಲ ಅಕ್ಕನ ಊರಿನಿಂದ ಬಂದ ಮೇಲೆ ಪದ್ಮಾ ಬರೆದ ಪತ್ರ ನನಗೆ ಬಾಯಿಪಾಠವಾಗಿದೆ. ಅಕ್ಕನಿಗೆ ಸಿಂಹಳ ಬಾರದು, ಪದ್ಮಾಗೆ ತಮಿಳು ಬಾರದು. ಗಂಡ ಅಂಗಡಿಗೆ, ಮಕ್ಕಳು ಶಾಲೆಗೆ ಹೋಗಿದ್ದರು. ತಲೆಯಿಲ್ಲದ ಮರಗಳ ನಡುವೆ ಇಬ್ಬರೂ ಗುಂಡಿ ತೋಡಿ ಕಾಯಿ ನೆಟ್ಟರು. ಆಮೇಲೆ ಜಗಲಿಯಲ್ಲಿ ಕೂತರು. ಅಂಗಳದಲ್ಲಿ ಒಂದು ಆಡು ಕಟ್ಟಿತ್ತು. ಅಕ್ಕ ಅದರ ಕಡೆ ನೋಡುತ್ತಾ ತಮಿಳಿನಲ್ಲಿ ಏನೋ ಹೇಳತೊಡಗಿದಳು, ಹೇಳುತ್ತಾ ಭುಜ ಮುಟ್ಟಿಕೊಂಡಳು, ಕಣ್ಣೊರೆಸಿಕೊಂಡಳು. ಪದ್ಮಾ ಕೂಡ ಆಡಿನ ಕಡೆ ನೋಡುತ್ತಾ ತನ್ನ ತಮ್ಮನ ಕಾಲಿನ ಬಗ್ಗೆ ಸಿಂಹಳದಲ್ಲಿ ಹೇಳಿದರು. "ಮಧ್ಯಾಹ್ನವಿಡೀ ಮಾತಾಡಿದೆವು. ಮೇಷ್ಟ್ರೇ, ನಿಮ್ಮ ಗೌರಿ ನನಗೆ ಅವತ್ತು ಅರ್ಥವಾದಳು" ಎಂದು ಬರೆದಿದ್ದರು. ಹೊರಡುವಾಗ ಅಕ್ಕ ಆಡನ್ನು ಬಿಟ್ಟು, ಪದ್ಮಾರ ಗಲ್ಲ ಹಿಡಿದು, ಮುಖ ನೋಡಿ, "ಪೋಯಿಟ್ಟು ವಾಂಗೋ" ಎಂದಳಂತೆ. ಪದ್ಮಾ ತನ್ನ ಭಾಷೆಯಲ್ಲಿ, "ಗಿಹಿನ್ ಎನ್ನಂ, ಅಕ್ಕಾ" ಎಂದರಂತೆ. ಎರಡರ ಅರ್ಥವನ್ನೂ ಪತ್ರದಲ್ಲಿ ಬಿಡಿಸಿ ಬರೆದಿದ್ದರು. ಅಕ್ಕ ಹೇಳಿದ್ದು ಹೋಗಿ ಬನ್ನಿ ಎಂದು, ಪದ್ಮಾ ಹೇಳಿದ್ದು ಹೋಗಿ ಬರುತ್ತೇನೆ ಎಂದು. ಓದಿ ಹೇಳಿದಾಗ ಮಂಜಣ್ಣ, "ನಮ್ ಕಡೆನೂ ಹಿಂಗೇ ಅಲ್ವೇನ್ರಿ ಮೇಷ್ಟ್ರೇ, ಹೋಗು ಅಂತ ಯಾರಂತಾರೆ" ಎಂದ.

ಇಷ್ಟನ್ನು ನೆನೆಯುವಷ್ಟರಲ್ಲಿ ಮೊನ್ನೆ ಮಿಕ್ಸಿ ನಿಂತಿತ್ತು. ನಾನು ಪೇಪರು ಮಡಚಿ, ಚೀಲ ಹುಡುಕಿ ತೆಗೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತೆ. "ತೋಟಕ್ಕೆ ಹೋಗಿ ಬರ್ತೀನಿ, ಕಾಯಿ ತರ್ತೀನಿ" ಎಂದು ಹೆಂಡತಿಗೆ ಹೇಳಿದೆ, ಮುಖ ನೋಡಿಯೇ ಹೇಳಿದೆ. ಅವಳು ಮಿಕ್ಸಿಯ ಕಡೆ ತಿರುಗಿದಳು, ಅದಕ್ಕೆ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಳದ ಮೇಲಿಂದ ಕೈ ತೆಗೆದು ನನ್ನನ್ನು ನೋಡಿದಳು.

"ಹೋಗಿ ಬರ್ರಿ" ಎಂದಳು.